ರೋಟರಿ ಎಂಜಿನಿನ ಎರಡು ಕಿಡಿಗಳು: ಸ್ವಯಂನಿರ್ಮಿತ ವಿಮಾನಗಳ ಚರಿತ್ರೆಯಲ್ಲೊಂದು ವಿಚಾರ

ಒಂದೇ ಶಬ್ದವು ಎರಡು ಅರ್ಥಗಳನ್ನು ಹೊತ್ತಿರುವಲ್ಲಿ ವ್ಯಾಖ್ಯಾನಕಾರರು ಮೊದಲು ಅರ್ಥನಿರ್ಣಯವನ್ನು ಮಾಡಿ, ಅನಂತರವೇ ವಿಷಯಕ್ಕೆ ಬರುವುದು ಶಾಸ್ತ್ರಪದ್ಧತಿ. ವಿಮಾನಗಳ ಚರಿತ್ರೆಯಲ್ಲಿ 'ರೋಟರಿ ಎಂಜಿನು' ಎಂಬುದು ಅಂತಹ ಮಾತು. ಪರಸ್ಪರ ಸಂಬಂಧವಿಲ್ಲದ ಎರಡು ಯಂತ್ರಗಳಿಗೆ ಈ ಒಂದೇ ಹೆಸರು ಸಂದಿದೆ. ಇವುಗಳಲ್ಲಿ ಎರಡನೆಯದನ್ನು, ತಮ್ಮ ವಿಮಾನವನ್ನು ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳು ಕೈಗೆತ್ತಿಕೊಂಡಾಗ ಇನ್ನೊಂದು ಅರ್ಥಭ್ರಾಂತಿಗೂ ಎಡೆಯಾಯಿತು. ಅದು ಕಿಡಿಯನ್ನು ಕುರಿತದ್ದು. ಹೆಸರಿನ ಭ್ರಾಂತಿಯಿಂದ ಗೊಂದಲ ಮಾತ್ರವೇ ಫಲ. ಕಿಡಿಯ ವಿಷಯದ ಭ್ರಾಂತಿಯಾದರೋ ಆಕಾಶದಲ್ಲಿ ಯಂತ್ರವನ್ನೇ ಕೆಡಿಸಬಲ್ಲುದು.

ಮೊದಲನೆಯದು ಫ್ರಾನ್ಸಿನ ಸೆಗ್ಯಾಂ ಸೋದರರ 'ನೋಮ್' ಎಂಜಿನು. ಇದರಲ್ಲಿ ಅಕ್ಷದಂಡವು ವಿಮಾನಕ್ಕೆ ಬಿಗಿಯಲ್ಪಟ್ಟು ಅಚಲವಾಗಿರುವುದು; ಏಳು ಸಿಲಿಂಡರುಗಳೇ ಪ್ರೊಪೆಲರಿನೊಡನೆ ಸುತ್ತುವುವು. ೧೯೦೯ರ ಆಗಸ್ಟಿನಲ್ಲಿ ರೀಮ್ಸ್ ನಗರದ ಸ್ಪರ್ಧೆಯಲ್ಲಿ ಆನ್ರಿ ಫಾರ್ಮನನು ಈ ಎಂಜಿನಿನಿಂದಲೇ ಸುಮಾರು ೧೮೦ ಕಿಲೋಮೀಟರು ಹಾರಿ ದೂರದ ಬಹುಮಾನವನ್ನು ಪಡೆದನು. ಕಿಡಿಯ ಕಾಲವು ಇಲ್ಲಿ ಸ್ಥಿರವಾದದ್ದು. ಶಕ್ತಿಯನ್ನು ತಗ್ಗಿಸಬೇಕಾದಾಗ ಚಾಲಕನು ಗುಂಡಿಯನ್ನೊತ್ತಿ ಕಿಡಿಯನ್ನೇ ಕ್ಷಣಕಾಲ ನಿಲ್ಲಿಸುತ್ತಿದ್ದನು. ಮೊದಲನೆಯ ಮಹಾಯುದ್ಧದ ತರುವಾಯ ಈ ಯಂತ್ರವು ಹಿಂದೆ ಸರಿಯಿತು.

ಅದರ ಸ್ಥಾನಕ್ಕೆ ಬಂದ ಪಿಸ್ಟನ್ ಎಂಜಿನುಗಳಲ್ಲಿ ಒಂದು ದೃಢವಾದ ಸಂಪ್ರದಾಯವು ನೆಲೆಗೊಂಡಿತು. ಸಿಲಿಂಡರೊಂದಕ್ಕೆ ಎರಡು ಸ್ಪಾರ್ಕ್ ಪ್ಲಗ್ಗುಗಳು, ಅವಕ್ಕೆ ಎರಡು ಪ್ರತ್ಯೇಕ ಮ್ಯಾಗ್ನೆಟೋಗಳು. ಇವು ಯಮಳರಂತೆ, ಒಂದೇ ಕಾಲದಲ್ಲಿ ಒಂದೇ ಕೆಲಸವನ್ನು ಮಾಡುತ್ತವೆ. ಲೈಕಮಿಂಗ್ ಓ-೩೨೦ ಎಂಜಿನಿನಲ್ಲಿ ಪಿಸ್ಟನ್ನು ತುದಿಮುಟ್ಟುವುದಕ್ಕೆ ೨೫ ಡಿಗ್ರಿ ಮುಂಚಿತವಾಗಿ ಎರಡು ಕಿಡಿಗಳೂ ಹೊಮ್ಮುತ್ತವೆ. ಹಾರುವ ಮುನ್ನ ಚಾಲಕನು ಒಂದೊಂದನ್ನೇ ನಿಲ್ಲಿಸಿ ನೋಡುತ್ತಾನೆ. ವೇಗದ ಇಳಿತವು ಎರಡು ಸಲವೂ ಹೆಚ್ಚುಕಡಮೆ ಸಮವಾಗಿರಬೇಕು; ನಿಮಿಷಕ್ಕೆ ೫೦ ಸುತ್ತುಗಳಿಗಿಂತ ಅಧಿಕವಾದ ಅಂತರವು ದೋಷದ ಲಕ್ಷಣ.

ಎರಡನೆಯ ರೋಟರಿಯು ಜರ್ಮನಿಯ ಫೆಲಿಕ್ಸ್ ವಾಂಕೆಲನದು. ೧೯೫೭ರ ಫೆಬ್ರುವರಿ ೧ರಂದು ನೆಕರ್ಸುಲ್ಮಿನ ಎನ್‌ಎಸ್‌ಯು ಕಾರ್ಖಾನೆಯಲ್ಲಿ ಇದು ಮೊದಲು ಓಡಿತು. ಆ ಮಾದರಿಯಲ್ಲಿ ಹೊರಗಿನ ಕೋಶವೂ ತಿರುಗುತ್ತಿದ್ದುದರಿಂದ ಪ್ಲಗ್ಗನ್ನು ಬದಲಿಸಲು ಯಂತ್ರವನ್ನೇ ಬಿಚ್ಚಬೇಕಾಗಿದ್ದಿತು. ಹಾನ್ಸ್ ಡೀಟರ್ ಪಾಶ್ಕೆಯು ಕೋಶವನ್ನು ಸ್ಥಿರಗೊಳಿಸಿ ಅದನ್ನು ಸರಳಗೊಳಿಸಿದನು. ನಡುವೆ ಅಮುಕಿದಂತಿರುವ ಕೋಶದೊಳಗೆ ಮೂರು ಮೂಲೆಗಳ ರೋಟರು ಸುತ್ತುವುದು. ಅದು ಒಮ್ಮೆ ಸುತ್ತುವಷ್ಟರಲ್ಲಿ ಅಕ್ಷದಂಡವು ಮೂರು ಸಲ ಸುತ್ತಿರುವುದು. ೧೯೬೭ರಲ್ಲಿ ಜಪಾನಿನ ಮಾಜ್ದಾ ಸಂಸ್ಥೆಯು 'ಕಾಸ್ಮೊ ಸ್ಪೋರ್ಟ್' ಕಾರಿನಲ್ಲಿ ಈ ಯಂತ್ರವನ್ನು ರೋಟರಿಗೆರಡು ಪ್ಲಗ್ಗುಗಳೊಡನೆ ಹೊರತಂದಿತು.

ಭ್ರಾಂತಿಗೆ ಕಾರಣವಾದದ್ದು ಈ ಎರಡು ಎಂಬ ಸಂಖ್ಯೆಯೇ. ವಾಂಕೆಲ್ ಯಂತ್ರದಲ್ಲಿ ದಹನವಾಗುವ ಎಡೆಯು ಉದ್ದವಾಗಿ, ತೆಳುವಾಗಿ, ತಾನೇ ಚಲಿಸುತ್ತಿರುವುದು. ಕೋಶದ ನಡುವಿನ ಇಕ್ಕಟ್ಟಿನಲ್ಲಿ ಮಿಶ್ರಣವು ರೋಟರು ತಿರುಗುವ ದಿಕ್ಕಿಗೇ ನೂಕಲ್ಪಡುವುದರಿಂದ ಜ್ವಾಲೆಯು ಮುಂದಕ್ಕೆ ಸುಲಭವಾಗಿ ಹರಿದರೂ ಹಿಂದಕ್ಕೆ ಹೋಗಲಾರದು. ಆದುದರಿಂದ ಮುಂಗಿಡಿಯು ಮುಖ್ಯದಹನವನ್ನು ಮಾಡುವುದು. ಹಿಂದುಳಿದುದನ್ನು ಹಿಂಗಿಡಿಯು ಸ್ವಲ್ಪ ತಡೆದು ಉರಿಸುವುದು. ೧೯೮೫ರಲ್ಲಿ ಬಂದ ಎರಡನೆಯ ತಲೆಮಾರಿನ ಆರ್‌ಎಕ್ಸ್-೭ ಕಾರು ನಿಂತಲ್ಲೇ ಓಡುವಾಗ ಮುಂಗಿಡಿಗೆ ತುದಿಸ್ಥಾನದ ಅನಂತರ ೫ ಡಿಗ್ರಿ, ಹಿಂಗಿಡಿಗೆ ೨೦ ಡಿಗ್ರಿ ನಿಯತವಾಗಿದ್ದುವು. ಇವು ಯಮಳರಲ್ಲ, ಅಗ್ರಜಾನುಜರು.

ಅಮೆರಿಕದಲ್ಲಿ ೧೯೫೩ರಲ್ಲಿ ಮಿಲ್ವಾಕಿಯಲ್ಲಿ ಪಾಲ್ ಪೊಬೆರೆಜ್ನಿಯು ಸ್ಥಾಪಿಸಿದ ಪ್ರಾಯೋಗಿಕ ವಿಮಾನ ಸಂಘದಿಂದ ಹವ್ಯಾಸಿಗಳ ಉದ್ಯಮಕ್ಕೆ ಬಲ ಬಂದಿತು. ಆರ್‌ಎಕ್ಸ್-೭ ಕಾರುಗಳ ೧೩೦೮ ಘನ ಸೆಂಟಿಮೀಟರಿನ '೧೩ಬಿ' ಎಂಜಿನು ಇವರಲ್ಲಿ ಕೆಲವರಿಗೆ ಪ್ರಿಯವಾಯಿತು. ಪಿಸ್ಟನ್ ಸಂಪ್ರದಾಯದಲ್ಲಿ ಪಳಗಿದ ಕಣ್ಣಿಗೆ ಇದರ ಎರಡು ಪ್ಲಗ್ಗುಗಳು ಮ್ಯಾಗ್ನೆಟೋಗಳ ಜೋಡಿಯಂತೆಯೇ ತೋರುವುದು ಸಹಜ. ಆದರೆ ಹಿಂಗಿಡಿಯನ್ನು ನಿಲ್ಲಿಸಿದರೆ ಶಕ್ತಿಯು ಸ್ವಲ್ಪವೇ ಕುಗ್ಗುವುದು, ಮುಂಗಿಡಿಯನ್ನು ನಿಲ್ಲಿಸಿದರೆ ಬಹಳವಾಗಿ ಕುಗ್ಗುವುದು. ಲೈಕಮಿಂಗಿನಲ್ಲಿ ದೋಷವೆನಿಸುವ ಅಸಮತೆಯು ಇಲ್ಲಿ ಯಂತ್ರಧರ್ಮ. ಮೇಲಾಗಿ ಮ್ಯಾಗ್ನೆಟೋ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸುವುದು. ಕಾರಿನ ಕಿಡಿಗಳೆರಡೂ ಒಂದೇ ಬ್ಯಾಟರಿಯನ್ನು ನಂಬಿದ್ದರೆ ಅದು ಕೈಕೊಟ್ಟೊಡನೆ ಎರಡೂ ಆರುವುವು. ಇಲ್ಲಿ ಇಮ್ಮಡಿಯಾಗಬೇಕಾದುದು ಪ್ಲಗ್ಗಲ್ಲ, ವಿದ್ಯುತ್ತಿನ ಮೂಲ.

ಕಾಲದ ವಿಷಯದಲ್ಲಿಯೂ ವಿವೇಕ ಬೇಕು. ಅಕ್ಷದಂಡವು ನಿಮಿಷಕ್ಕೆ ೬೦೦೦ ಸುತ್ತು ತಿರುಗುವಾಗ ಒಂದು ಡಿಗ್ರಿಯೆಂದರೆ ಸೆಕೆಂಡಿನ ೩೬,೦೦೦ದಲ್ಲೊಂದು ಭಾಗ. ಕಾರು ಕ್ಷಣಕ್ಷಣಕ್ಕೂ ವೇಗ ಬದಲಿಸುವುದರಿಂದ ಅದರ ಕಿಡಿಯೂ ಹಿಂದುಮುಂದಾಗುತ್ತಿರಬೇಕು. ವಿಮಾನವು ಬಹುಹೊತ್ತು ಒಂದೇ ವೇಗದಲ್ಲಿ, ಅಧಿಕಭಾರದಲ್ಲಿ ಸಾಗುವುದರಿಂದ ಬಹುಮಟ್ಟಿಗೆ ಸ್ಥಿರವಾದ ಕಾಲವೇ ಸಾಲುವುದು. ಆದರೆ ಅದು ಅತಿಯಾಗಿ ಮುಂಚಿತವಾದರೆ ಮಿಶ್ರಣವು ಕ್ರಮವಾಗಿ ಉರಿಯದೆ ಒಮ್ಮೆಗೇ ಸಿಡಿದು ರೋಟರಿನ ಮೂಲೆಗಳ ಸೀಲುಗಳನ್ನು ಮುರಿಯುವುದು. ಒತ್ತಡವು ಸೋರಿ ಶಕ್ತಿಯು ಉಡುಗುವುದು.

ಇದರಿಂದ ಸಿದ್ಧವಾಗುವುದಿಷ್ಟು. ಒಂದು ಯಂತ್ರದ ಸಂಪ್ರದಾಯವನ್ನು ಇನ್ನೊಂದಕ್ಕೆ ಒಯ್ಯುವಾಗ ಸಂಖ್ಯಾಸಾಮ್ಯವೂ ನಾಮಸಾಮ್ಯವೂ ಪ್ರಮಾಣವಾಗಲಾರವು. ಎರಡು ಕಿಡಿಗಳಿವೆಯೆಂಬುದಕ್ಕಿಂತ ಏತಕ್ಕಾಗಿ ಎರಡು ಎಂಬುದೇ ಪ್ರಧಾನವಾದ ಪ್ರಶ್ನೆ. ಅದನ್ನು ನೆಲದ ಮೇಲಿದ್ದಾಗಲೇ ಕೇಳಿಕೊಂಡವನಿಗೆ ಮೇಲೇರಿದಮೇಲೆ ಉತ್ತರವನ್ನು ಹುಡುಕುವ ಪ್ರಸಂಗ ಬಾರದು.