ಬಂದಾನು

ತಾರ್ನಾಕಾದ ಇಫ್ಲು ಗೇಟಿನ ಮುಂದೆ ಬಸ್ಸು ನಿಂತಾಗಲೆಲ್ಲ ನನಗೆ ಅವ್ವ ನೆನಪಾಗುತ್ತಾಳೆ. 1958ರಲ್ಲಿ ಇಂಗ್ಲಿಷ್ ಮೇಷ್ಟ್ರುಗಳನ್ನು ತಯಾರು ಮಾಡಲೆಂದು ಹುಟ್ಟಿದ ಸಂಸ್ಥೆಯಿದು. ನಮ್ಮ ವಿ.ಕೃ. ಗೋಕಾಕರು ಇದರ ನಿರ್ದೇಶಕರಾಗಿದ್ದರು. 2007ರಲ್ಲಿ ವಿಶ್ವವಿದ್ಯಾಲಯವಾಯಿತು.

ಇಂಗ್ಲಿಷ್ ಸಾಧ್ಯತೆಯನ್ನು ಅಳೆದು ಹೇಳುತ್ತದೆ. 'ಮೇ' ಎಂಬ ಸಹಾಯಕ ಕ್ರಿಯಾಪದಕ್ಕೆ 'ಪಾಸಿಬ್ಲಿ' ಎಂಬ ಕ್ರಿಯಾವಿಶೇಷಣ ಸೇರಿದರೆ ಭರವಸೆ ತೆಳುವಾಗುತ್ತದೆ. 'ವೆರಿ ಲೈಕ್ಲಿ' ಎಂದು ಗುಣವಾಚಕ ಬಳಸಿದರೆ ಗಟ್ಟಿಯಾಗುತ್ತದೆ. ನಮ್ಮ 'ಬರಬಹುದು' 'ಮೇ'ಯಂತೆಯೇ ಅನುಮತಿಗೂ ಸಾಧ್ಯತೆಗೂ ಒಂದೇ. 'ಬಂದಾನು' ಎಂಬ ಸಂಭಾವನಾರ್ಥಕದಲ್ಲಿ ಅನುಮತಿಯಿಲ್ಲ, ಸಂಭವವಷ್ಟೇ.

ಹೋದ ಯುಗಾದಿಗೆ ಫೋನಿನಲ್ಲಿ "ಬಹುಶಃ ಬರಬಹುದವ್ವಾ" ಅಂದಿದ್ದೆ. ನನ್ನ ಮನಸ್ಸಿನಲ್ಲಿದ್ದದ್ದು 'ಮೇ ಪಾಸಿಬ್ಲಿ'. ಅವ್ವ ಕೇಳಿಸಿಕೊಂಡದ್ದು 'ಬರ್ತೀನಿ'. ಹೋಳಿಗೆ ಮಾಡಿ ಕಾದಳಂತೆ.

ಈಗ ಊರಲ್ಲಿ ಯಾರಾದರೂ ನನ್ನ ಬಗ್ಗೆ ಕೇಳಿದರೆ, "ಬಂದಾನು" ಅನ್ನುತ್ತಾಳೆ.