ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು

ಇತಿಹಾಸವೆಂದರೆ ರಾಜಮಹಾರಾಜರ ಕಾಲದ್ದೇ ಆಗಬೇಕೆಂದಿಲ್ಲ. ನಾವೇ ಬದುಕಿ ಕಂಡ ವರ್ಷಗಳೂ ಹಿಂದೆ ಸರಿದಂತೆ ಇತಿಹಾಸವಾಗುತ್ತವೆ. ಆದರೆ ಶಾಸನವೊಂದನ್ನು ಓದುವಾಗ ವಹಿಸುವ ಎಚ್ಚರವನ್ನು ನಿನ್ನೆ ಮೊನ್ನೆಯ ಸಂಗತಿಗಳ ವಿಷಯದಲ್ಲಿ ನಾವು ವಹಿಸುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಒಂದಲ್ಲ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಅಡ್ಮಿನ್‌ಗಳು. ಬಡಾವಣೆಯದೊಂದು ಗುಂಪು, ದೇವಸ್ಥಾನದ್ದೊಂದು, ಬಂಧುಬಳಗದ್ದೊಂದು. ಅಲ್ಲಿ ಯಾರನ್ನು ತಡೆಯಬೇಕು, ಯಾವುದನ್ನು ಅಳಿಸಬೇಕು ಎಂಬುದೇ ತಮಗೆ ದೊಡ್ಡ ತಲೆನೋವೆಂದು ಭೇಟಿಯಾದಾಗಲೆಲ್ಲ ಹೇಳಿಕೊಳ್ಳುತ್ತಾರೆ. ಈ ಪ್ರಶ್ನೆಗೆ ನಮ್ಮ ಬೆಂಗಳೂರಿನ, ಅದರಲ್ಲಿಯೂ ಪಶ್ಚಿಮ ಭಾಗದ, ಈಚಿನ ಇತಿಹಾಸದಿಂದಲೇ ಒಂದಿಷ್ಟು ಉತ್ತರ ದೊರೆಯುತ್ತದೆ.

ಮೊದಲಿಗೆ ಮೊಬೈಲಿಗಿಂತ ಹಿಂದಿನ ಒಂದು ಘಟನೆ. ಕಾವೇರಿ ನ್ಯಾಯಮಂಡಳಿಯು ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು 1991ರ ಜೂನ್ 25ರಂದು ಮಧ್ಯಂತರ ಆದೇಶ ನೀಡಿತು. ಅದನ್ನು ತಡೆಯಲು ಬಂಗಾರಪ್ಪನವರ ಸರ್ಕಾರ ಹೊರಡಿಸಿದ ಸುಗ್ರೀವಾಜ್ಞೆ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಡಿಸೆಂಬರಿನಲ್ಲಿ ಆದೇಶವು ಗೆಜೆಟ್ಟಿನಲ್ಲಿ ಪ್ರಕಟವಾದೊಡನೆ ನಗರ ಹೊತ್ತಿಕೊಂಡಿತು. ಮಾಗಡಿ ರಸ್ತೆಯ ಗಿರಣಿಗಳಲ್ಲಿ ದುಡಿಯಲು ತಲೆಮಾರುಗಳ ಹಿಂದೆಯೇ ಬಂದು ನೆಲೆಸಿದ್ದ ಕುಟುಂಬಗಳು ಸಹ ಗಂಟುಮೂಟೆ ಕಟ್ಟಿದವು. ಶಾಲೆ ಪುನಃ ತೆರೆದ ದಿನ ನನ್ನ ತರಗತಿಯಲ್ಲಿ ಕೆಲವು ಜಾಗಗಳು ಖಾಲಿಯಿದ್ದವು. ಆ ತರಗತಿಯಲ್ಲಿ ಕುಳಿತಿದ್ದವರಿಗೆ ಇದು ನೆನಪಿರಬಹುದು. ಕೆಲವರು ಸಂಕ್ರಾಂತಿ ಕಳೆದು ಬಂದರು, ಕೆಲವರು ಬರಲೇ ಇಲ್ಲ. ಆಗ ಬೆಂಗಳೂರಿನ ಬಹುತೇಕ ಮನೆಗಳಲ್ಲಿ ದೂರವಾಣಿಯೂ ಇರಲಿಲ್ಲ. ಗುಲ್ಲು ಹಬ್ಬಲು ಯಂತ್ರವೇ ಬೇಕೆಂದಿಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ. ಹಾಲಿನ ಬೂತು, ಬಸ್ ನಿಲ್ದಾಣ, ನಲ್ಲಿಕಟ್ಟೆಗಳೇ ಅಂದು ಆ ಕೆಲಸಕ್ಕೆ ಸಾಕಾಗಿದ್ದವು. ಆದರೆ ಮಾತು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗುವಷ್ಟರಲ್ಲಿ "ಯಾರು ಹೇಳಿದರು?" ಎಂದು ಕೇಳುವ ಹಿರಿಯರೊಬ್ಬರಾದರೂ ನಡುವೆ ಸಿಗುವ ಸಂಭವವಿತ್ತು.

2012ರ ಆಗಸ್ಟ್ ತಿಂಗಳಿಗೆ ಬರೋಣ. ಅಸ್ಸಾಮಿನ ಕೊಕ್ರಝಾರ್ ಕಡೆಯಲ್ಲಿ ನಡೆದ ಹಿಂಸಾಚಾರದ ಬೆನ್ನಿಗೇ, ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯದವರ ಮೇಲೆ ದಾಳಿಯಾಗಲಿದೆ ಎಂಬ ಎಸ್ಸೆಮ್ಮೆಸ್‌ಗಳು ಹರಿದಾಡಿದವು. ಎಲ್ಲೆಲ್ಲಿಯದೋ ಹಳೆಯ ಚಿತ್ರಗಳೂ ಅವುಗಳ ಜೊತೆ ಸೇರಿಕೊಂಡವು. ಸ್ವಾತಂತ್ರ್ಯ ದಿನದಂದೇ ಸಾವಿರಾರು ಮಂದಿ ನಗರದ ರೈಲು ನಿಲ್ದಾಣದಲ್ಲಿ ನೆರೆದರು. ಹೋಟೆಲುಗಳಲ್ಲಿ ಬಡಿಸುವ ಹುಡುಗರು, ಕಾವಲುಗಾರರು, ಬ್ಯೂಟಿ ಪಾರ್ಲರುಗಳ ಹುಡುಗಿಯರು, ಕಾಲೇಜು ವಿದ್ಯಾರ್ಥಿಗಳು ಎಲ್ಲರೂ ಅಲ್ಲಿದ್ದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಗೃಹ ಸಚಿವರಾಗಿದ್ದ ಆರ್. ಅಶೋಕ ಅವರೇ ನಿಲ್ದಾಣಕ್ಕೆ ತೆರಳಿ, ಹೋಗಬೇಡಿರೆಂದು ಕೇಳಿಕೊಂಡರೂ ಜನ ನಿಲ್ಲಲಿಲ್ಲ. ಭಯಪಟ್ಟವರನ್ನು ನಾನು ದೂರುವುದಿಲ್ಲ. ಊರಿಗೆ ಹೊಸಬನಾದವನಿಗೆ ಆ ಹೊತ್ತಿನಲ್ಲಿ ಅಕ್ಕಪಕ್ಕದ ಮನೆಯವರಿಗಿಂತ ಕೈಯಲ್ಲಿದ್ದ ಸಂದೇಶವೇ ಹತ್ತಿರದ್ದಾಗಿತ್ತು.

ಆಗಸ್ಟ್ 17ರಂದು ಕೇಂದ್ರ ಸರ್ಕಾರವು ಗುಂಪು ಎಸ್ಸೆಮ್ಮೆಸ್‌ಗಳನ್ನು ಹದಿನೈದು ದಿನಗಳ ಕಾಲ ನಿಷೇಧಿಸಿತು. ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಮಂದಿಗೆ ಸಂದೇಶ ಕಳುಹಿಸುವಂತಿರಲಿಲ್ಲ. ಕೆಲವು ದಿನಗಳ ಬಳಿಕ ಆ ಮಿತಿಯನ್ನು ಇಪ್ಪತ್ತಕ್ಕೆ ಏರಿಸಲಾಯಿತು. ಅಂತರ್ಜಾಲದಲ್ಲಿ ಮುನ್ನೂರಕ್ಕೂ ಹೆಚ್ಚು ಪುಟ, ಖಾತೆ, ದೃಶ್ಯಗಳಿಗೂ ತಡೆ ಬಿತ್ತು. ಬೆಂಗಳೂರಿನದೇ ಆದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಎಂಬ ಸಂಸ್ಥೆಯವರು ಆ ಪಟ್ಟಿಯನ್ನು ಪರಿಶೀಲಿಸಿದಾಗ, ವದಂತಿ ಸುಳ್ಳೆಂದು ತೋರಿಸಿಕೊಟ್ಟ ಬರಹಗಳೂ ಅದರಲ್ಲಿ ಸೇರಿದ್ದವು. ಮೇಲಿನಿಂದ ಬೀಸಿದ ಬಲೆಯಲ್ಲಿ ಗಾಳಿಮಾತೂ ಅದಕ್ಕೆ ಕೊಟ್ಟ ಉತ್ತರವೂ ಒಟ್ಟಿಗೇ ಸಿಕ್ಕಿಕೊಂಡವು. ಅಂಕೆ ಹಾಕುವವನು ದೂರದಲ್ಲಿ ಕುಳಿತಿದ್ದರೆ ಹೀಗಾಗುವುದು ಸಹಜ.

ಮೂರನೆಯ ಪ್ರಸಂಗ ನಮ್ಮ ಮನೆ ಬಾಗಿಲಿನದೇ. 2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟು ಹತ್ತು ದಿನಗಳ ಕಾಲ ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡಬೇಕೆಂದು ಆದೇಶಿಸಿತು. 9ರಂದು ಕರ್ನಾಟಕ ಬಂದ್ ನಡೆಯಿತು. ಅದರಲ್ಲಿ ಪಾಲ್ಗೊಂಡ ಕನ್ನಡ ನಟರನ್ನು ಫೇಸ್‌ಬುಕ್ಕಿನಲ್ಲಿ ಗೇಲಿ ಮಾಡಿದನೆಂದು ಒಬ್ಬ ವಿದ್ಯಾರ್ಥಿಯನ್ನು ಬೆಂಗಳೂರಿನಲ್ಲಿ ಕೆಲವರು ಥಳಿಸಿದರು. ಥಳಿಸಿದ ದೃಶ್ಯ ಮೊಬೈಲುಗಳ ಮೂಲಕ ತಮಿಳುನಾಡು ತಲುಪಿತು. 12ರ ಬೆಳಿಗ್ಗೆ ಚೆನ್ನೈನ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಒಂದು ಸಣ್ಣ ಗುಂಪು ದಾಳಿ ಮಾಡಿತು. ರಾಮೇಶ್ವರದಲ್ಲಿ ಕರ್ನಾಟಕದ ವಾಹನಗಳ ಮೇಲೆ ಹಲ್ಲೆಯಾಯಿತು. ಆ ದೃಶ್ಯಗಳು ಅಷ್ಟೇ ವೇಗದಲ್ಲಿ ಇಲ್ಲಿಗೆ ಬಂದವು. ಅದೇ ದಿನ ನ್ಯಾಯಾಲಯವು ಪ್ರಮಾಣವನ್ನು 12,000 ಕ್ಯೂಸೆಕ್‌ಗೆ ಇಳಿಸಿದರೂ ಅವಧಿಯನ್ನು 20ರವರೆಗೆ ಮುಂದುವರಿಸಿತು. ಮಧ್ಯಾಹ್ನದ ಹೊತ್ತಿಗೆ ಮೈಸೂರು ರಸ್ತೆಯಲ್ಲಿ ಹೊಗೆ ಏಳುತ್ತಿತ್ತು. ನಾಯಂಡಹಳ್ಳಿಯ ಬಳಿ ಖಾಸಗಿ ಸಾರಿಗೆ ಸಂಸ್ಥೆಯೊಂದರ ನಲವತ್ತಕ್ಕೂ ಹೆಚ್ಚು ಬಸ್ಸುಗಳು ನಿಂತಲ್ಲಿಯೇ ಸುಟ್ಟು ಕರಕಲಾದವು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಯುವಕನೊಬ್ಬ ಬಲಿಯಾದ. ರಾಜಾಜಿನಗರ, ವಿಜಯನಗರ, ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯ, ಕೆಂಗೇರಿ ಮೊದಲಾದ 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಜಾರಿಯಾಯಿತು. ರಾಜಾಜಿನಗರಕ್ಕೆ ಆ ಹೆಸರು ಬಂದದ್ದು ತಮಿಳುನಾಡಿನವರಾದ, ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಚಕ್ರವರ್ತಿ ರಾಜಗೋಪಾಲಾಚಾರಿಯವರಿಂದ. ಕನ್ನಡ-ತಮಿಳು ಜಗಳದ ಕರ್ಫ್ಯೂ ಅವರ ಹೆಸರಿನ ಬಡಾವಣೆಯ ಮೇಲೆಯೇ ಬಿದ್ದಿತು.

2016ರ ಪ್ರಸಂಗದಿಂದ ಕಲಿಯಬೇಕಾದದ್ದು 2012ರದಕ್ಕಿಂತ ಬೇರೆ. 2012ರ ಸಂದೇಶಗಳು ಹುಸಿ. ಅವನ್ನು ಸುಳ್ಳೆಂದು ಸಾರಿದರೆ ಅರ್ಧ ಕೆಲಸ ಮುಗಿಯುತ್ತಿತ್ತು. 2016ರಲ್ಲಿ ಹರಿದಾಡಿದ ಮುಖ್ಯ ದೃಶ್ಯಗಳು ನಿಜವೇ ಆಗಿದ್ದವು. ಬೆಂಗಳೂರಿನಲ್ಲಿ ಹುಡುಗನಿಗೆ ಏಟು ಬಿದ್ದದ್ದು, ಚೆನ್ನೈನಲ್ಲಿ ಗಾಜು ಒಡೆದದ್ದು ಎರಡೂ ನಡೆದ ಸಂಗತಿಗಳು. ಅಲ್ಲಿ ಕಾಣೆಯಾದದ್ದು ಪ್ರಮಾಣ. ಆ ಬೆಳಿಗ್ಗೆ ಚೆನ್ನೈನ ಲಕ್ಷಾಂತರ ಜನ ಎಂದಿನಂತೆ ಕೆಲಸಕ್ಕೆ ಹೋಗಿದ್ದರು. ಅಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರು ತಮ್ಮ ಮನೆಗಳಲ್ಲಿಯೇ ಇದ್ದರು. ಅದನ್ನು ಯಾರೂ ಚಿತ್ರೀಕರಿಸಿ ಕಳುಹಿಸಲಿಲ್ಲ. ಕಳುಹಿಸಲು ಅದರಲ್ಲಿ ಏನೂ ಇರಲಿಲ್ಲ. ಅರ್ಧ ನಿಮಿಷದ ಒಂದೇ ತುಣುಕು ಹತ್ತು ಗುಂಪುಗಳಿಂದ ಹತ್ತು ಸಲ ಬಂದಾಗ, ಹತ್ತು ಕಡೆ ಹತ್ತು ದಾಳಿಗಳು ನಡೆದಂತೆ ಮನಸ್ಸು ಎಣಿಸಿಬಿಡುತ್ತದೆ. ಕಡ್ಡಿಯನ್ನು ಗುಡ್ಡ ಮಾಡಲು ಸುಳ್ಳು ಹೇಳಬೇಕಾಗಿಯೇ ಇಲ್ಲ, ನಿಜವನ್ನೇ ಮತ್ತೆ ಮತ್ತೆ ತೋರಿಸಿದರೆ ಸಾಕು.

ನಾಲ್ಕನೆಯದು 2018ರ ಮಕ್ಕಳ ಕಳ್ಳರ ಗುಲ್ಲು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವೊಂದು ಮನೆಮನೆಗೂ ಬಂದಿತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ಅರಿವು ಮೂಡಿಸಲು ತಯಾರಿಸಿದ ಕಿರುಚಿತ್ರ. ಮೂಲದಲ್ಲಿ ಅವರು ಮಗುವನ್ನು ಹಿಂದಕ್ಕೆ ತಂದು ಬಿಟ್ಟು, ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿಬಿಟ್ಟಿದ್ದರು. ಮೇ 23ರಂದು ಚಾಮರಾಜಪೇಟೆಯ ಪೆನ್ಷನ್ ಮೊಹಲ್ಲಾದಲ್ಲಿ ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಕಟ್ಟಿಹಾಕಿ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ನೆಪವಾಗಿ ಹೈದರಾಬಾದಿನ ಎಂಜಿನಿಯರರೊಬ್ಬರು ಹತರಾದರು. ಅವರ ಕಾರಿಗಿಂತ ಮುಂಚೆ ವಾಟ್ಸ್‌ಆ್ಯಪ್ ಸಂದೇಶ ಮುಂದಿನ ಊರನ್ನು ತಲುಪಿತ್ತು. ಬಂಧಿತರಲ್ಲಿ ಗುಂಪಿನ ಅಡ್ಮಿನ್ ಸಹ ಇದ್ದ.

ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ರವಾನಿಸದಂತೆ ಮಿತಿ ಹೇರುವುದಾಗಿ ಪ್ರಕಟಿಸಿತು. 2019ರ ಜನವರಿಯಲ್ಲಿ ಆ ಮಿತಿ ಜಗತ್ತಿಗೆಲ್ಲ ಅನ್ವಯವಾಯಿತು. 2020ರ ಏಪ್ರಿಲಿನಲ್ಲಿ, ಕೈಯಿಂದ ಕೈಗೆ ಹಲವು ಸಲ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂದು ಬಿಗಿ ಮಾಡಿದರು. ಅದರಿಂದ ಅಂಥ ಸಂದೇಶಗಳ ಓಡಾಟ ಶೇಕಡಾ 70ರಷ್ಟು ಇಳಿಯಿತೆಂದು ಕಂಪನಿಯೇ ಹೇಳಿಕೊಂಡಿತು. ಇಲ್ಲೊಂದು ಸೂಕ್ಷ್ಮವಿದೆ. ಈ ಸಂದೇಶಗಳು ಕಳುಹಿಸಿದವರಿಗೂ ಪಡೆದವರಿಗೂ ಮಾತ್ರ ಕಾಣುವಂತೆ ಗೂಢಲಿಪಿಯಲ್ಲಿ ಸಾಗುತ್ತವೆ. ನಡುವೆ ಕಂಪನಿಗೂ ಓದಲಾಗುವುದಿಲ್ಲ. ಆದಕಾರಣ ಅದು ಮಾತಿನ ವೇಗಕ್ಕೆ ಅಂಕೆ ಹಾಕಬಲ್ಲದೇ ಹೊರತು ಮಾತಿಗಲ್ಲ. 2012ರಲ್ಲಿ ಸರ್ಕಾರ, 2018ರಲ್ಲಿ ಕಂಪನಿ, ಇಬ್ಬರೂ ಬಂದು ನಿಂತದ್ದು ಐದು ಎಂಬ ಅಂಕಿಯ ಬಳಿಗೇ ಎಂಬುದು ಗಮನಿಸತಕ್ಕ ಸಂಗತಿ.

ಹಾಗಾದರೆ ಓದಬಲ್ಲವರು ಯಾರು? ಗುಂಪಿನೊಳಗೆ ಇರುವವರೇ. ಸದಸ್ಯನೊಬ್ಬ ಬರೆದದ್ದಕ್ಕೆ, ಒಳಸಂಚಿಲ್ಲದ ಪಕ್ಷದಲ್ಲಿ, ಅಡ್ಮಿನ್ ಹೊಣೆಯಲ್ಲವೆಂದು ಬಾಂಬೆ ಹೈಕೋರ್ಟು 2021ರಲ್ಲಿಯೂ, ಅಡ್ಮಿನ್ ಎಂಬ ಕಾರಣ ಮಾತ್ರಕ್ಕೆ ಹೊಣೆ ಬಾರದೆಂದು ಕೇರಳ ಹೈಕೋರ್ಟು 2022ರಲ್ಲಿಯೂ ತೀರ್ಪಿತ್ತಿವೆ. ಕಾನೂನಿನಲ್ಲಿ ಅದು ಸರಿಯೇ. ಆದರೆ ಕಾನೂನು ಬಿಟ್ಟುಕೊಟ್ಟ ಜಾಗವನ್ನು ನೆರೆಹೊರೆಯ ಧರ್ಮ ತುಂಬಬೇಕಾಗುತ್ತದೆ. ಮುರ್ಕಿಯ ದಾರಿಯಲ್ಲಿ ಸಂದೇಶ ಓದಿದವರಲ್ಲಿ ಒಬ್ಬರು "ಕಾರು ಬರಲಿ, ಪೊಲೀಸರನ್ನು ಕರೆದು ಕೇಳೋಣ" ಎಂದು ಬರೆದು, ಉಳಿದವರು ಒಪ್ಪಿದ್ದರೆ ಒಂದು ಜೀವ ಉಳಿಯುತ್ತಿತ್ತು.

ತರಗತಿಯಲ್ಲಿ ನಾನು ಆಧಾರಗಳ ಪಾಠ ಮಾಡುವಾಗ ಮೂರು ಪ್ರಶ್ನೆ ಕೇಳಿಸುತ್ತಿದ್ದೆ: ಬರೆದವರು ಯಾರು, ಯಾವಾಗ, ಎಲ್ಲಿ? 2012ರ ಚಿತ್ರಗಳು "ಎಲ್ಲಿ" ಎಂಬುದಕ್ಕೇ ನಿಲ್ಲುತ್ತಿರಲಿಲ್ಲ. 2018ರ ದೃಶ್ಯ "ಯಾರು" ಎಂಬುದಕ್ಕೆ ಉತ್ತರ ಕೊಡುತ್ತಿರಲಿಲ್ಲ. 2016ರ ದೃಶ್ಯಗಳು ಮಾತ್ರ ಮೂರನ್ನೂ ದಾಟಿಬಿಡುತ್ತವೆ. ಅದಕ್ಕಾಗಿ ನಾಲ್ಕನೆಯದೊಂದನ್ನು ಸೇರಿಸಬೇಕು: "ಎಷ್ಟು?" ಎಷ್ಟು ಜನ ಮಾಡಿದರು, ಎಷ್ಟು ಜನ ಮಾಡಲಿಲ್ಲ, ಎಷ್ಟನೆಯ ಸಲ ಇದನ್ನು ನೋಡುತ್ತಿದ್ದೇನೆ? "ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು" ಎಂಬ ಗಾದೆಯಲ್ಲಿ ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಕಣ್ಣು ಸುಳ್ಳು ಹೇಳದಿದ್ದರೂ ಅಳತೆ ತಪ್ಪಬಹುದು.

ಕಾವೇರಿಯ ಕಥೆಗೆ ಒಂದು ಮಾತು ಸೇರಿಸಬೇಕು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟು ಅಂತಿಮ ತೀರ್ಪಿತ್ತು, ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚಿಸಿತು. ಅದರಲ್ಲಿ 4.75 ಟಿಎಂಸಿ ನಮ್ಮ ಬೆಂಗಳೂರಿನ ಕುಡಿಯುವ ನೀರಿಗೆ. ಈ ನೀರನ್ನು ತಂದುಕೊಟ್ಟದ್ದು ವಕೀಲರ ವಾದ ಮತ್ತು ತಜ್ಞರ ಲೆಕ್ಕಪತ್ರ. ನಾಯಂಡಹಳ್ಳಿಯಲ್ಲಿ ಉರಿದ ಬಸ್ಸುಗಳಿಂದ ಒಂದು ಬಿಂದಿಗೆ ನೀರೂ ಹೆಚ್ಚಿಗೆ ಬರಲಿಲ್ಲ. ಕಾವೇರಿಯ ಮಾತು ಮುಂದಿನ ಬರಗಾಲದಲ್ಲಿ ಮತ್ತೆ ಏಳುತ್ತದೆ. ಗುಂಪುಗಳನ್ನು ನಡೆಸುವ ನನ್ನ ವಿದ್ಯಾರ್ಥಿಗಳು ಆ ದಿನ ಬಂದ ದೃಶ್ಯವನ್ನು ಮುಂದಕ್ಕೆ ದಾಟಿಸುವ ಮೊದಲು ಈ ನಾಲ್ಕು ಪ್ರಶ್ನೆಗಳನ್ನು ಗುಂಪಿನಲ್ಲಿಯೇ, ಎಲ್ಲರಿಗೂ ಕಾಣುವಂತೆ, ಕೇಳಲಿ. ಉತ್ತರ ಬರುವವರೆಗೆ ಸಂದೇಶ ಅಲ್ಲೇ ನಿಲ್ಲಲಿ.