ಮುರಕಲ್ಲಿನ ಕಪ್ಪೆ ಮತ್ತು ಸೃಷ್ಟಿಕರ್ತನ ಪ್ರಶ್ನೆ: ಉಡುಪಿ ಸೀಮೆಯ ಕೆಲವು ಸಾಕ್ಷ್ಯಗಳು

2016ರಲ್ಲಿ ಮಣಿಪಾಲದ ಮುರಕಲ್ಲು (ಲ್ಯಾಟರೈಟ್) ಹಾಸಿನಿಂದ ಹೊಸ ಕಪ್ಪೆಯೊಂದು ವಿಜ್ಞಾನದ ದಾಖಲೆ ಸೇರಿತು. ಉದ್ದ ಸುಮಾರು 1.6 ಸೆಂಟಿಮೀಟರ್, ಕೂಗು ಜೀರುಂಡೆಯದೆಂದು ಭ್ರಮೆ ಹುಟ್ಟಿಸುವಂಥದ್ದು. ನೆಲೆಯ ಹೆಸರನ್ನೇ ಹೊತ್ತು ಅದು ‘ಮೈಕ್ರೊಹೈಲ ಲ್ಯಾಟರೈಟ್’ ಆಯಿತು. ಅದು ಬೇರೆಯೇ ಪ್ರಭೇದವೆಂದು ನಿರ್ಧರಿಸಲು ಸಂಶೋಧಕರು ದೇಹರಚನೆಯನ್ನೂ ಕೂಗನ್ನೂ ಹೋಲಿಸಿದರು. ಜೊತೆಗೆ 16ಎಸ್ ಎಂಬ ಜೀನನ್ನು ದಕ್ಷಿಣ ಏಷ್ಯಾದ ಇತರ ಮೈಕ್ರೊಹೈಲ ಕಪ್ಪೆಗಳ ಅದೇ ಜೀನಿನೊಂದಿಗೆ ಹೋಲಿಸಿ ವಂಶವೃಕ್ಷದಲ್ಲಿ ಅದರ ಸ್ಥಾನ ಗುರುತಿಸಿದರು. ಪ್ರತಿ ಪ್ರಭೇದವೂ ಪ್ರತ್ಯೇಕವಾಗಿ ಸೃಷ್ಟಿಯಾಗಿದ್ದರೆ ಇಂಥ ವೃಕ್ಷ ಬರೆಯುವುದಕ್ಕೇ ಅರ್ಥವಿರುತ್ತಿರಲಿಲ್ಲ. ವಿಕಾಸವಾದವನ್ನು ‘ಬರೀ ವಾದ’ ಎನ್ನುವವರು ಇದನ್ನು ಗಮನಿಸಬೇಕು: ಜೀವವಿಜ್ಞಾನಿಯ ದಿನನಿತ್ಯದ ಕೆಲಸ ನಡೆಯುವುದೇ ಅದರ ಬಲದಿಂದ.

ಕಾಲದ ಸಾಕ್ಷ್ಯವೂ ಹತ್ತಿರದಲ್ಲೇ ಇದೆ. ಮಲ್ಪೆಯಾಚೆಯ ಸೈಂಟ್ ಮೇರೀಸ್ ದ್ವೀಪದ ಕಂಬಶಿಲೆಗಳು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದವು. ಭೂಖಂಡಗಳ ಇಂಥ ಒಡಕಿನ ಗುರುತು ಜೀವಿಗಳಲ್ಲೂ ಉಂಟು: ಪಶ್ಚಿಮಘಟ್ಟದಿಂದ 2003ರಲ್ಲಿ ವರದಿಯಾದ ನಾಸಿಕಬಟ್ರಾಕಸ್ ಕಪ್ಪೆಯ ಹತ್ತಿರದ ಬಂಧುಗಳಿರುವುದು ಸೆಶೆಲ್ಸ್ ದ್ವೀಪಗಳಲ್ಲಿ. ಇವು ಸಾಗರ ಈಜಿ ದಾಟಿದವಲ್ಲ. ಅವುಗಳ ಪೂರ್ವಜರಿದ್ದ ಭೂಖಂಡವೇ ಒಡೆದು ಸರಿಯಿತು. ಶಿಲೆಯ ವಯಸ್ಸು ಅಳೆಯುವವರೂ ಜೀನು ಓದುವವರೂ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಚರಿತ್ರೆಗೆ ಬಂದು ಮುಟ್ಟುತ್ತಾರೆ.

ನಮ್ಮ ವೇದಿಕೆಗಳಲ್ಲಿ ವಿಕಾಸದ ನಿರಾಕರಣೆಗಿಂತ ಹೆಚ್ಚು ಕೇಳಿಬರುವುದು ‘ದಶಾವತಾರವೇ ಡಾರ್ವಿನ್’ ಎಂಬ ಮಾತು. ಮತ್ಸ್ಯ, ಕೂರ್ಮ, ವರಾಹ ಎಂಬ ಅನುಕ್ರಮ ಆಕರ್ಷಕ, ನಿಜ. ಆದರೆ ಅಲ್ಲಿ ಮೀನಿನ ಸಂತತಿ ಆಮೆಯಾಗುವುದಿಲ್ಲ. ಒಬ್ಬನೇ ಭಗವಂತ ಬೇರೆ ಬೇರೆ ರೂಪದಲ್ಲಿ ಇಳಿದು ಬರುತ್ತಾನೆ. ಈ ಸಮೀಕರಣದಿಂದ ಪುರಾಣವೂ ಬಡವಾಗುತ್ತದೆ, ವಿಜ್ಞಾನವೂ ಕೆಡುತ್ತದೆ.

ಸೃಷ್ಟಿಕರ್ತನ ಬಗ್ಗೆ ಈ ನೆಲದ ಚಿಂತನೆ ಎಂದೂ ಏಕಮುಖವಾಗಿರಲಿಲ್ಲ. ಕಾರ್ಕಳದಲ್ಲಿ 1432ರಲ್ಲಿ ಬಾಹುಬಲಿಯ ಏಕಶಿಲಾ ಮೂರ್ತಿಯನ್ನು ನಿಲ್ಲಿಸಿದ ಜೈನ ಪರಂಪರೆಗೆ ಲೋಕ ಅನಾದಿ, ಅದಕ್ಕೆ ಕರ್ತನಿಲ್ಲ. 9ನೇ ಶತಮಾನದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿವಾದವನ್ನು ತರ್ಕದಿಂದಲೇ ಖಂಡಿಸಿದರು. ಉಡುಪಿಯ ಮಧ್ವಾಚಾರ್ಯರಿಗಾದರೋ ವಿಷ್ಣುವೇ ಜಗತ್ಕರ್ತ. ಆದರೂ ಪ್ರತ್ಯಕ್ಷವು ಆಗಮಕ್ಕೆ, ಅಂದರೆ ಶಾಸ್ತ್ರವಾಕ್ಯಕ್ಕೆ, ಉಪಜೀವ್ಯ (ಆಧಾರ), ತಾನು ಆಧರಿಸಿದ ಪ್ರಮಾಣವನ್ನು ಆಗಮ ಬಾಧಿಸಲಾರದು ಎಂಬ ನಿಲುವನ್ನು ಅವರು ಅದ್ವೈತದೊಂದಿಗಿನ ವಾದದಲ್ಲಿ ಬಿಟ್ಟುಕೊಡಲಿಲ್ಲ. ಇವರಿಬ್ಬರಲ್ಲಿ ಯಾರನ್ನೂ ವಿಕಾಸವಾದಿ ಎಂದು ಕರೆಯುವುದು ಸಲ್ಲದು. ಆದರೆ ಕಂಡ ಸಾಕ್ಷ್ಯಕ್ಕೆ ಗ್ರಂಥದ ಹೆಸರಿನಲ್ಲಿ ಬಾಗಿಲು ಹಾಕುವುದು ಸಂಪ್ರದಾಯನಿಷ್ಠೆ ಎನ್ನುವವರಿಗೆ ಈ ಇಬ್ಬರಿಂದಲೂ ಆಧಾರ ಸಿಗದು ಎಂಬುದು ನನ್ನ ಖಚಿತ ಅಭಿಪ್ರಾಯ.

2018ರ ಜನವರಿಯಲ್ಲಿ ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಡಾರ್ವಿನ್ ಸಿದ್ಧಾಂತ ತಪ್ಪು ಎಂದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ದೇಶದ ಮೂರು ಅಕಾಡೆಮಿಗಳು ಜಂಟಿಯಾಗಿ ಅದನ್ನು ಅಲ್ಲಗಳೆದವು. 2023ರಲ್ಲಿ ಸಮಸ್ಯೆ ಬೇರೆ ರೂಪದಲ್ಲಿ ಬಂತು: ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದ ‘ಅನುವಂಶೀಯತೆ ಮತ್ತು ವಿಕಾಸ’ ಅಧ್ಯಾಯದಲ್ಲಿ ಅನುವಂಶೀಯತೆ ಮಾತ್ರ ಉಳಿಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಸಹಿ ಹಾಕಿ ಆಕ್ಷೇಪಿಸಿದರು. ವಿಕಾಸದ ಪಾಠ ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿದೆಯೇನೋ ಸರಿ; ಆದರೆ ಹತ್ತನೇ ತರಗತಿಯ ಆ ಪುಸ್ತಕ ಓದಿ ಕಲಾ, ವಾಣಿಜ್ಯ ವಿಭಾಗಕ್ಕೆ ಹೋಗುವವರಿಗೆ ಅದು ಸಿಗುವುದೇ ಇಲ್ಲ. ಕಾಪುವಿನಿಂದ ಕಾರ್ಕಳದವರೆಗಿನ ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರು, ಪರೀಕ್ಷೆಗೆ ಬರಲಿ ಬಾರದಿರಲಿ, ಈ ಪಾಠವನ್ನು ಹತ್ತನೇ ತರಗತಿಯೊಳಗೇ ಮಾಡಬೇಕೆಂದು ಕೋರುತ್ತೇನೆ.